ಬಾಡಿಗೆ ಉಳಿಸಿದ ಮನೆಗಳು

ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ರಾಬಿನ್ ಹುಡ್ಸ್ ಬೇ ಹತ್ತಿರ, ಗುಡ್ಡದ ಇಳಿಜಾರಿನಲ್ಲಿ, ಗ್ರೀಕ್ ದೇವಾಲಯದಂತೆ ಕಾಣುವ ಪುಟ್ಟ ಕಟ್ಟಡವೊಂದಿದೆ. ಮುಂದೆ ಸಾಲುಗಂಬ, ಎದುರಿಗೆ ಹೊಲಗಳು, ಅವುಗಳಾಚೆ ಸಮುದ್ರ. 1890ರ ಆಸುಪಾಸಿನಲ್ಲಿ ಅಲ್ಲಿನ ಜಮೀನುದಾರ ಬ್ಯಾರಿ ಇದನ್ನು ಕಟ್ಟಿಸಿದ್ದು ತನ್ನ ಎರಡು ಹಂದಿಗಳಿಗಾಗಿ. ಈಗ ಅದರೊಳಗೆ ಇಬ್ಬರಿಗೆ ಮಲಗುವ ಜಾಗವಿದೆ, ಅಡುಗೆಮನೆಯಿದೆ. ಬಾಡಿಗೆ ಕೊಟ್ಟವರು ನಾಲ್ಕು ದಿನ ಇದ್ದು, ತಮ್ಮ ಅಡುಗೆ ತಾವೇ ಮಾಡಿಕೊಂಡು ಹೋಗಬಹುದು.

ಇಂಥ ತಂಗುವಿಕೆಗೆ ಅಲ್ಲಿ ಸೆಲ್ಫ್ ಕೇಟರಿಂಗ್ ಎನ್ನುತ್ತಾರೆ. ಕೋಣೆಯ ಬದಲು ಇಡೀ ಮನೆಯೇ ಕೈಗೆ ಬರುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಒಳಗೆ, ಹೊರಡುವ ದಿನ ಬೆಳಿಗ್ಗೆ ಹತ್ತಕ್ಕೆ ಹೊರಗೆ. ಎಷ್ಟೋ ಕಾಟೇಜುಗಳಲ್ಲಿ ಸ್ವಾಗತಿಸಲು ಯಾರೂ ಇರುವುದಿಲ್ಲ. ಬೀಗದ ಕೈ ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿರುತ್ತದೆ, ಅದನ್ನು ತೆರೆಯುವ ಅಂಕಿಗಳು ಮೊದಲೇ ಬಂದಿರುತ್ತವೆ. ಚಹಾ, ಹಾಲು, ಒಂದಿಷ್ಟು ಬಿಸ್ಕತ್ತು ಇಟ್ಟಿರುವುದು ವಾಡಿಕೆ. ಉಳಿದದ್ದೆಲ್ಲ ಬಂದವರ ಪಾಲಿನ ಕೆಲಸ.

ರಜೆಯ ಸುಖಕ್ಕೆಂದು ಹುಟ್ಟಿದ ಈ ಪದ್ಧತಿ ಹಳೆಯ ಕಟ್ಟಡಗಳ ಪ್ರಾಣ ಉಳಿಸುವ ಉಪಾಯವೂ ಆದೀತು ಎಂಬುದನ್ನು ತೋರಿಸಿದವರು ಜಾನ್ ಸ್ಮಿತ್. ಬ್ಯಾಂಕರ್ ಆಗಿದ್ದ, ಸಂಸತ್ತಿನಲ್ಲೂ ಕುಳಿತಿದ್ದ ಈ ಮನುಷ್ಯನಿಗೆ ಒಂದು ಕೊರಗಿತ್ತು. ದೊಡ್ಡ ಅರಮನೆಗಳನ್ನು ಕಾಯಲು ನ್ಯಾಷನಲ್ ಟ್ರಸ್ಟ್ ಇದೆ. ಕಾವಲು ಗೋಪುರ, ಗಿರಣಿ, ರೈಲು ನಿಲ್ದಾಣ, ಬಡ ಕೂಲಿಯವನ ಮನೆ ಬಿದ್ದರೆ ಕೇಳುವವರು ಯಾರು? 1965ರಲ್ಲಿ ಅವರು ಪತ್ನಿ ಕ್ರಿಶ್ಚನ್ ಜೊತೆಗೂಡಿ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಕಟ್ಟಿದರು. ಬೀಳುತ್ತಿರುವ ಕಟ್ಟಡವನ್ನು ದುರಸ್ತಿ ಮಾಡುವುದು, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುವುದು, ಆ ಹಣದಿಂದ ಅದರ ಮಾಡು ಗೋಡೆ ನೋಡಿಕೊಳ್ಳುವುದು: ಲೆಕ್ಕ ಇಷ್ಟು ಸರಳ. ಆ ಹಂದಿಗಳ ಮನೆಯೂ ಸೇರಿ ಇಂದು ಟ್ರಸ್ಟಿನ ಕೈಯಲ್ಲಿ ಸುಮಾರು 200 ಕಟ್ಟಡಗಳಿವೆ. ಟಿವಿ ಎಲ್ಲೂ ಇಟ್ಟಿಲ್ಲ. ಆಯಾ ಊರಿಗೆ, ಕಟ್ಟಡಕ್ಕೆ ಹೊಂದುವ ಪುಸ್ತಕಗಳನ್ನು ಆರಿಸಿ ಜೋಡಿಸಿದ್ದಾರೆ. ತಂಗಿ ಹೋದವರು ಬರೆಯುವ ದಪ್ಪ ದಿನಚರಿ ಪುಸ್ತಕವೂ ಇರುತ್ತದೆ. ಯಾವ ದಾರಿಯಲ್ಲಿ ಕೆಸರು, ಯಾವ ಒಲೆ ಹೇಗೆ ಹೊತ್ತೀತು ಎಂಬುದನ್ನು ಹಿಂದಿನವರು ಮುಂದಿನವರಿಗೆ ತಿಳಿಸಿರುತ್ತಾರೆ.

ದುರಸ್ತಿ ಎಂದರೆ ಸುಣ್ಣ ಬಳಿಯುವ ಮಾತಲ್ಲ. ಡಾರ್ಸೆಟ್ಟಿನ ಕಿಮರಿಜ್ ಕೊಲ್ಲಿಯ ಮೇಲೆ 1830ರಲ್ಲಿ ಪಾದ್ರಿಯೊಬ್ಬರು ಕಟ್ಟಿಸಿದ ಕ್ಲಾವೆಲ್ ಗೋಪುರವಿದೆ. ಅದರ ಬುಡದ ಬಂಡೆ ಮೃದು. ಕಡಲು ಕೊರೆಯುತ್ತ ಬಂದು ಗೋಪುರ ಕಡಿದಾದ ಅಂಚಿಗೇ ಬಂದು ನಿಂತಿತು. 2006ರಲ್ಲಿ ಟ್ರಸ್ಟ್ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಪ್ರತಿ ಕಲ್ಲಿಗೂ ಗುರುತು ಹಾಕಿ, 25 ಮೀಟರ್ ಒಳಗೆ ಮತ್ತೆ ಎಬ್ಬಿಸಿತು. 2008ರಿಂದ ಅಲ್ಲಿ ಇಬ್ಬರು ತಂಗಬಹುದು. ಕಾದಂಬರಿಕಾರ ಥಾಮಸ್ ಹಾರ್ಡಿ ತನ್ನ ಯೌವನದಲ್ಲಿ ಪ್ರೇಯಸಿಯೊಡನೆ ಬರುತ್ತಿದ್ದ ಜಾಗವಿದು.

ವಾರ್ವಿಕ್‌ಷೈರಿನ ಆಸ್ಟ್ಲಿ ಕೋಟೆಮನೆಯದು ಇನ್ನೂ ಕಠಿಣ ಪ್ರಕರಣ. 1978ರ ಬೆಂಕಿಯಲ್ಲಿ ಬೆಂದು, ದಶಕಗಳ ಕಾಲ ಮಾಡಿಲ್ಲದೆ ನೆನೆದ ಗೋಡೆಗಳನ್ನು ಹಿಂದಿನಂತೆಯೇ ಕಟ್ಟುವ ಆಸೆಯನ್ನು ವಾಸ್ತುಶಿಲ್ಪಿಗಳು ಬಿಟ್ಟುಕೊಟ್ಟರು. ಮುರಿದ ಹಳೆಯ ಕಲ್ಲಿಗೆ ಹೊಸ ಇಟ್ಟಿಗೆ ಹೆಣೆದು, ಅವಶೇಷದ ಒಳಗೇ ಎಂಟು ಜನರ ಮನೆ ಮಾಡಿದರು. ಮಲಗುವ ಕೋಣೆಗಳು ಕೆಳಗೆ, ಅಡುಗೆ ಮತ್ತು ಕೂಟ ಮಹಡಿಯಲ್ಲಿ. 2013ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಸ್ಟರ್ಲಿಂಗ್ ಪ್ರಶಸ್ತಿ ಸಿಕ್ಕಿದ್ದು ಈ ಬಾಡಿಗೆ ಮನೆಗೆ. ಸುಟ್ಟದ್ದನ್ನು ಮುಚ್ಚಿಡದೆ ಬದುಕಿಸಿದ ಆ ಧೈರ್ಯ ನಿಜಕ್ಕೂ ದೊಡ್ಡದು.

ಅಡುಗೆಮನೆ ಜೊತೆಗಿರುವುದರಿಂದ ಪ್ರವಾಸಿಗೆ ಊರಿನ ನಂಟು ತಾನಾಗಿ ಬೆಳೆಯುತ್ತದೆ. ಹಾಲು ಬ್ರೆಡ್ಡಿಗೆ ಹಳ್ಳಿಯ ಅಂಗಡಿಗೆ ಹೋಗಬೇಕು. ರೈತರ ಮನೆ ಮುಂದೆ ಮೊಟ್ಟೆ, ತರಕಾರಿ ಇಟ್ಟು ಪಕ್ಕದಲ್ಲಿ ಹಣದ ಡಬ್ಬಿ ಇಟ್ಟಿರುತ್ತಾರೆ. ಕಾಯುವವರಿಲ್ಲ, ಬೇಕಾದ್ದು ತೆಗೆದುಕೊಂಡು ದುಡ್ಡು ಹಾಕಿ ಹೋಗಬೇಕು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗಂತೂ ಇದು ಅನುಕೂಲ: ಮಕ್ಕಳಿಗೆ, ಊರಿಂದ ಬಂದ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಅನ್ನ ಸಾರು ಸಿಗುತ್ತದೆ. ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆರೆದು ಫ್ಯಾನ್ ಹಾಕಿಕೊಳ್ಳುವುದು ಮುಖ್ಯ. ಮೆಣಸಿನಕಾಯಿ ಹೊಗೆಗೆ ಅಲಾರಂ ಹೊಡೆದುಕೊಂಡೀತು. ಹೊಟ್ಟೆ ತುಂಬಿದ ಮೇಲೆ ನಡೆಯಲು ದಾರಿಗೇನೂ ಬರವಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಹೊಲಗಳ ನಡುವೆಯೂ ಸಾರ್ವಜನಿಕರು ಹಕ್ಕಿನಿಂದ ನಡೆಯಬಹುದಾದ ದಾರಿಗಳು ಸುಮಾರು 2,25,000 ಕಿಲೋಮೀಟರ್‌ನಷ್ಟಿವೆ. ದಾಟಿದ ಮೇಲೆ ದೊಡ್ಡಿಯ ಗೇಟನ್ನು ಮೊದಲು ಇದ್ದ ಹಾಗೆಯೇ ಬಿಡಬೇಕು, ಅಷ್ಟೆ.

ಆದರೆ ಎಲ್ಲ ಕಾಟೇಜುಗಳೂ ಹೀಗೆ ಪಾಳುಬಿದ್ದು ಎದ್ದವಲ್ಲ. ಕಾರ್ನ್‌ವಾಲ್, ಡೆವನ್, ಲೇಕ್ ಡಿಸ್ಟ್ರಿಕ್ಟ್‌ಗಳಲ್ಲಿ ಒಂದು ಕಾಲಕ್ಕೆ ಮೀನುಗಾರರೂ ಕುರಿಗಾಹಿಗಳೂ ಇದ್ದ ಮನೆಗಳೇ ರಜೆಯ ಬಾಡಿಗೆಗೆ ಹೋಗಿವೆ. ಬೆಲೆ ಏರಿ, ಅಲ್ಲೇ ಹುಟ್ಟಿದ ಹುಡುಗರಿಗೆ ಮನೆ ಸಿಗದಾಗಿದೆ. ಚಳಿಗಾಲದಲ್ಲಿ ಬೀದಿಗೆ ಬೀದಿಯೇ ಕತ್ತಲು. 2016ರಲ್ಲಿ ಕಾರ್ನ್‌ವಾಲಿನ ಸೇಂಟ್ ಐವ್ಸ್ ಪಟ್ಟಣದ ಜನ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳು ಕಾಯಂ ವಾಸಿಗಳಿಗೇ ಸಲ್ಲಬೇಕೆಂಬ ನಿಯಮಕ್ಕೆ ಒಪ್ಪಿಗೆ ಕೊಟ್ಟರು. 2025ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ಎರಡನೇ ಮನೆಗೆ ಎರಡರಷ್ಟು ತೆರಿಗೆ ಹಾಕಬಹುದು. ಅದೇ ತಿಂಗಳು ರಜೆ ಬಾಡಿಗೆಯ ಮಾಲೀಕರಿಗಿದ್ದ ವಿಶೇಷ ತೆರಿಗೆ ಸವಲತ್ತೂ ರದ್ದಾಯಿತು. ಊರವರ ಈ ಸಂಕಟ ನ್ಯಾಯವಾದದ್ದು. ಹಾಗಾಗಿ ಬುಕ್ ಮಾಡುವ ಮುನ್ನ ಆ ಮನೆ ಮೊದಲು ಏನಾಗಿತ್ತು, ಯಾರದಾಗಿತ್ತು ಎಂದು ವಿಚಾರಿಸುವುದು ಒಳ್ಳೆಯದು.

ಲ್ಯಾಂಡ್‌ಮಾರ್ಕ್ ಮನೆಗಳ ಬಾಡಿಗೆ ತಲೆಗಿಷ್ಟು ಎಂದಲ್ಲ, ಕಟ್ಟಡಕ್ಕಿಷ್ಟು. ಎಂಟು ಜನ ಸೇರಿದರೆ ಆಸ್ಟ್ಲಿಯಂಥ ಕೋಟೆಮನೆಯ ಖರ್ಚೂ ಹಂಚಿಹೋಗುತ್ತದೆ. ಬಾಡಿಗೆ ಕೊಡಲಾಗದವರಿಗೂ ದಾರಿಯಿದೆ: ವರ್ಷದ ಕೆಲವು ದಿನ ಟ್ರಸ್ಟ್ ತನ್ನ ಹಲವು ಕಟ್ಟಡಗಳ ಬಾಗಿಲು ತೆರೆಯುತ್ತದೆ, ಒಳಗೆ ಹೋಗಿ ನೋಡಲು ಹಣ ಕೊಡಬೇಕಿಲ್ಲ.