ಟೌಂಗ್ ಮಗುವನ್ನು ಲಂಡನ್ ಯಾಕೆ ನಂಬಲಿಲ್ಲ?

1924ರ ಕೊನೆ. ದಕ್ಷಿಣ ಆಫ್ರಿಕಾದ ಟೌಂಗ್ ಎಂಬಲ್ಲಿನ ಸುಣ್ಣದಕಲ್ಲಿನ ಗಣಿಯಿಂದ ಜೋಹಾನ್ಸ್‌ಬರ್ಗ್‌ಗೆ ಎರಡು ಪೆಟ್ಟಿಗೆ ಕಲ್ಲು ಬಂತು. ತರಿಸಿಕೊಂಡವರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ರೇಮಂಡ್ ಡಾರ್ಟ್. ಒಂದು ಕಲ್ಲು ಥೇಟ್ ಮೆದುಳಿನ ಅಚ್ಚು. ಇನ್ನೊಂದರೊಳಗೆ ಏನೋ ಹುದುಗಿತ್ತು. ಹೆಣಿಗೆ ಕಡ್ಡಿಯಿಂದ ವಾರಗಟ್ಟಲೆ ಕೆರೆದಾಗ ಕಂಡಿದ್ದು ಒಂದು ಮಗುವಿನ ಮುಖ. ಹಾಲುಹಲ್ಲುಗಳಿನ್ನೂ ಬಾಯಲ್ಲೇ ಇದ್ದವು.

ಮಗುವಿಗೆ ಮೂರ್ನಾಲ್ಕು ವರ್ಷ ಇದ್ದಿರಬಹುದು ಅನ್ನೋದು ಈಗಿನ ಅಂದಾಜು. ಬದುಕಿದ್ದು 25 ಲಕ್ಷ ವರ್ಷಗಳಿಗೂ ಹಿಂದೆ. ಕಣ್ಣಿನ ಗೂಡಿನಲ್ಲಿರುವ ಗುರುತುಗಳನ್ನು ನೋಡಿದರೆ ಹದ್ದಿನಂಥ ದೊಡ್ಡ ಹಕ್ಕಿ ಕೊಂದಿರಬೇಕು ಎಂದು ಲೀ ಬರ್ಗರ್ ಎಂಬ ವಿಜ್ಞಾನಿ ವಾದಿಸಿದ್ದಾರೆ.

ಡಾರ್ಟ್ ಗಮನಿಸಿದ್ದು ಬುರುಡೆಯ ತಳ. ಬೆನ್ನುಹುರಿ ಹಾದುಹೋಗುವ ರಂಧ್ರ ಚಿಂಪಾಂಜಿಯಲ್ಲಿ ಹಿಂಭಾಗಕ್ಕಿರುತ್ತೆ. ಈ ಮಗುವಿನಲ್ಲಿ ಅದು ಮುಂದಕ್ಕೆ ಸರಿದು ಕೆಳಮುಖವಾಗಿತ್ತು. ಅಂದರೆ ತಲೆ ನೆಟ್ಟಗೆ ನಿಂತ ಮೈಯ ಮೇಲಿತ್ತು, ಎರಡು ಕಾಲಲ್ಲಿ ನಡೆಯುತ್ತಿದ್ದ ಜೀವಿ ಇದು. ಕೋರೆಹಲ್ಲು ಚಿಕ್ಕದು. ಆದರೆ ಮೆದುಳೂ ಚಿಕ್ಕದೇ, ವಾನರದಷ್ಟೇ. 1925ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಇದಕ್ಕೆ ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್ ಎಂದು ಹೆಸರಿಟ್ಟರು.

ಲಂಡನ್‌ನ ಘಟಾನುಘಟಿಗಳು ಒಪ್ಪಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಅನುಮಾನಕ್ಕೆ ಕಾರಣಗಳಿದ್ದವು. ಸಿಕ್ಕಿದ್ದು ಒಂದೇ ಬುರುಡೆ, ಅದೂ ಮಗುವಿನದು. ವಾನರದ ಮರಿಗಳೂ ನೋಡಲು ಮನುಷ್ಯರಂತೆಯೇ ಇರುತ್ತವೆ. ಸರಿ. ಆದರೆ ಅದೇ ಅನುಮಾನ ಪಿಲ್ಟ್‌ಡೌನ್ ವಿಷಯದಲ್ಲಿ ಎಲ್ಲಿ ಹೋಗಿತ್ತು?

1912ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ 'ಸಿಕ್ಕ' ಪಿಲ್ಟ್‌ಡೌನ್ ಮಾನವನಿಗೆ ದೊಡ್ಡ ಮೆದುಳು, ವಾನರದ ದವಡೆ. ಮೊದಲು ಬುದ್ಧಿ ಬೆಳೆಯಿತು, ಉಳಿದದ್ದೆಲ್ಲ ಆಮೇಲೆ ಎಂಬ ನಂಬಿಕೆಗೆ ಹೇಳಿ ಮಾಡಿಸಿದ ಹಾಗಿತ್ತು. ನಿಜಕ್ಕೂ ಹೇಳಿ ಮಾಡಿಸಿದ್ದೇ! ಮನುಷ್ಯನ ಬುರುಡೆಯ ಜೊತೆ ಒರಾಂಗುಟಾನ್ ದವಡೆ ಇಟ್ಟು, ಹಲ್ಲು ಉಜ್ಜಿ, ಹಳೆಯದಾಗಿ ಕಾಣಲು ಬಣ್ಣ ಕೊಟ್ಟಿದ್ದರು. ಈ ಮೋಸ ಬಯಲಾಗಿದ್ದು 1953ರಲ್ಲಿ. ಅಲ್ಲಿಯವರೆಗೆ ಅಸಲಿ ಮೂಳೆ ಮುಟ್ಟಿ ನೋಡಲು ಸಿಗುತ್ತಿದ್ದುದು ಕೆಲವರಿಗೆ ಮಾತ್ರ. ಮಿಕ್ಕವರಿಗೆ ಅಚ್ಚುಗಳೇ ಗತಿ.

ಮನುಷ್ಯರ ಮೂಲ ಆಫ್ರಿಕಾದಲ್ಲಿರಬಹುದು ಎಂದು ಡಾರ್ವಿನ್ 1871ರಲ್ಲೇ ಬರೆದಿದ್ದರು. ಆದರೂ ಸಾಮ್ರಾಜ್ಯದ ರಾಜಧಾನಿಯಲ್ಲಿ ಕೂತವರಿಗೆ ಇಂಗ್ಲೆಂಡಿನ ಪೂರ್ವಜ ಸಹಜವಾಗಿ ಕಂಡ, ಆಫ್ರಿಕಾದ ಪೂರ್ವಜನಿಗೆ ಮಾತ್ರ ನೂರೆಂಟು ದಾಖಲೆ ಬೇಕಾಯಿತು. ಅನುಮಾನ ಪಟ್ಟಿದ್ದರ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ಒಂದೇ ಕಡೆಗೆ ಬಳಸಿದ್ದರ ಬಗ್ಗೆ ಇದೆ.

ವಾದದಿಂದ ಇದು ಬಗೆಹರಿಯಲಿಲ್ಲ, ಅಗೆತದಿಂದ ಬಗೆಹರಿಯಿತು. 1936ರಿಂದ ರಾಬರ್ಟ್ ಬ್ರೂಮ್ ಸ್ಟರ್ಕ್‌ಫಾಂಟೈನ್ ಗುಹೆಗಳಲ್ಲಿ ವಯಸ್ಕ ಜೀವಿಗಳ ಪಳೆಯುಳಿಕೆ ಹುಡುಕಿದರು. 1947ರಲ್ಲಿ ಒಳ್ಳೆಯ ಬುರುಡೆಯೊಂದು ಸಿಕ್ಕಿತು, ಸೊಂಟದ ಮೂಳೆಯೂ ಸಿಕ್ಕಿತು. ಡಾರ್ಟ್‌ರ ದೊಡ್ಡ ವಿರೋಧಿ ಆರ್ಥರ್ ಕೀತ್ ಅದೇ ವರ್ಷ ತಮ್ಮ ತಪ್ಪು ಒಪ್ಪಿಕೊಂಡರು.

ಹಾಗಂತ ಡಾರ್ಟ್‌ರನ್ನು ಹೀರೋ ಮಾಡೋಕೆ ಹೋಗಬೇಡಿ. 1936ರಲ್ಲಿ ಕಲಹಾರಿಯ ಸಾನ್ ಜನರ ಮೈ-ಮುಖ ಅಳೆದು, ಅವರನ್ನು ಒಂದು 'ಜನಾಂಗದ ಮಾದರಿ'ಯಾಗಿ ನೋಡಿದ ತಂಡದ ನೇತೃತ್ವ ಇವರದ್ದೇ. ನಮ್ಮೆಲ್ಲರ ಬೇರು ಆಫ್ರಿಕಾದಲ್ಲಿದೆ ಎಂದ ಮನುಷ್ಯನಿಗೆ ಪಕ್ಕದಲ್ಲೇ ಇದ್ದ ಆಫ್ರಿಕನ್ನರು ಅಳತೆಯ ವಸ್ತುಗಳಾದರು.

ನಮ್ಮಲ್ಲಿ 2023ರಲ್ಲಿ ಹೊರೆ ಇಳಿಸುವ ಹೆಸರಲ್ಲಿ ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗ ತೆಗೆಯಿತು. 'ಅನುವಂಶೀಯತೆ ಮತ್ತು ವಿಕಾಸ' ಪಾಠ ಬರೀ 'ಅನುವಂಶೀಯತೆ' ಆಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. 12ನೇ ತರಗತಿಯಲ್ಲಿ ಇದೆಯಲ್ಲಾ ಅಂತಾರೆ. ಇದೆ, ಜೀವಶಾಸ್ತ್ರ ತಗೊಂಡವರಿಗೆ. ಹತ್ತರ ನಂತರ ಆರ್ಟ್ಸೋ ಕಾಮರ್ಸೋ ಐಟಿಐಯೋ ಸೇರಿದ ಹುಡುಗ ಹುಡುಗಿಯರಿಗೆ ಬುರುಡೆಯ ತಳದ ಆ ರಂಧ್ರ ಏನು ಹೇಳುತ್ತೆ ಅಂತ ತರಗತಿಯಲ್ಲಿ ಯಾರೂ ಹೇಳಿಕೊಡಲ್ಲ.