ಹಿಂಡಿದ ಮೇಲೂ ಉಳಿಯುವ ದ್ರಾಕ್ಷಿ

ವೈನ್‌ಗಾಗಿ ಹಿಂಡಿ ಹಿಪ್ಪೆ ಮಾಡಿದ ದ್ರಾಕ್ಷಿಯಲ್ಲಿ ಸತ್ವವೇನೂ ಉಳಿದಿರದು ಎಂದುಕೊಳ್ಳುವುದು ಸಹಜ. ಆದರೆ ಹಣ್ಣಿನ ತೂಕದ ಸುಮಾರು ಐದನೇ ಒಂದು ಭಾಗ ಸಿಪ್ಪೆ, ಬೀಜ, ತೊಟ್ಟಾಗಿ ಉಳಿಯುತ್ತದೆ; ಪಾಲಿಫಿನಾಲ್‌ಗಳೆಂಬ ಉತ್ಕರ್ಷಣ ನಿರೋಧಕಗಳ ದೊಡ್ಡ ಪಾಲು ಇರುವುದೂ ಬೀಜ ಮತ್ತು ಸಿಪ್ಪೆಯಲ್ಲೇ. ಕೆಂಪು ವೈನ್ ಸಿಪ್ಪೆಯೊಂದಿಗೇ ಹುದುಗುವುದರಿಂದ ಅದರಲ್ಲಿ ಒಂದಷ್ಟನ್ನು ಸೆಳೆದುಕೊಳ್ಳುತ್ತದೆ. ಬಿಳಿ ವೈನ್‌ಗೆ ರಸವನ್ನು ಮೊದಲೇ ಬೇರ್ಪಡಿಸುವುದರಿಂದ ಹಿಪ್ಪೆ ಬಹುಮಟ್ಟಿಗೆ ಸಮೃದ್ಧವಾಗಿಯೇ ಉಳಿಯುತ್ತದೆ. ಇಟಲಿಯವರು 1879ರಿಂದಲೇ ಕೆಂಪು ದ್ರಾಕ್ಷಿಯ ಸಿಪ್ಪೆಯಿಂದ ‘ಎನೋಸಿಯಾನಿನಾ’ ಎಂಬ ಬಣ್ಣ ತೆಗೆದು ಮಾರುತ್ತಿದ್ದಾರೆ; ಇಂದು ಆಹಾರದ ಪೊಟ್ಟಣಗಳ ಮೇಲೆ ಇ163 ಎಂದು ಕಾಣುವ ಬಣ್ಣಗಳ ಗುಂಪಿಗೆ ಅದೂ ಸೇರಿದೆ. ಬೋರ್ಡೊದ ವಿಜ್ಞಾನಿ ಜಾಕ್ ಮಾಸ್ಕಲಿಯೆ ಬೀಜದಿಂದ ತೆಗೆದ ವಸ್ತುವಿನ ಸುತ್ತ ಮುಂದೆ ಮಾತ್ರೆಗಳ ದೊಡ್ಡ ವ್ಯಾಪಾರವೇ ಬೆಳೆಯಿತು. ಅವರು ಅದನ್ನು ಮೊದಲು ಗುರುತಿಸಿದ್ದು ಶೇಂಗಾ ಕಾಳಿನ ಕೆಂಪು ಸಿಪ್ಪೆಯಲ್ಲಿ!

ಈ ಮಾತ್ರೆಯ ದಾರಿಯ ಬಗ್ಗೆಯೇ ನನ್ನ ತಕರಾರು. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಉತ್ಕರ್ಷಣ ತಡೆಯುವ ವಸ್ತು ದೇಹದಲ್ಲೂ ಹಾಗೆಯೇ ನಡೆದುಕೊಳ್ಳಬೇಕೆಂದಿಲ್ಲ. ಪಾಲಿಫಿನಾಲ್‌ಗಳಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪವೇ, ಅದೂ ರೂಪ ಬದಲಿಸಿಕೊಂಡು. ನಳಿಕೆಯಲ್ಲಿ ಅಳೆದ ಉತ್ಕರ್ಷಣ ನಿರೋಧಕ ಶಕ್ತಿಗೆ ತಕ್ಕಂತೆ ಆಹಾರಗಳಿಗೆ ಅಂಕ ಕೊಡುತ್ತಿದ್ದ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂದೆಗೆದುಕೊಂಡಿತು. ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ಇನ್ನೊಂದು ಉತ್ಕರ್ಷಣ ನಿರೋಧಕವಾದ ಬೀಟಾ ಕ್ಯಾರೊಟಿನ್ ಕೊಟ್ಟು ನೋಡಿದಾಗ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಏರಿತೆಂದು 1994ರಲ್ಲಿ ವರದಿಯಾಯಿತು. ಅದು ದ್ರಾಕ್ಷಿಯ ವಸ್ತುವಲ್ಲವಲ್ಲ ಎಂದರೆ ಒಪ್ಪಬೇಕಾದ ಮಾತೇ. ಆದರೂ ಗುಣವಿದೆ ಎಂದು ಮಾರುವವರೇ ಅದನ್ನು ಮನುಷ್ಯರಲ್ಲಿ ತೋರಿಸಿಕೊಡಬೇಕು.

ಎಣ್ಣೆ ಕಮಟು ಹಿಡಿಯದಂತೆ, ಮಾಂಸದ ಕೊಬ್ಬು ಕೆಡದಂತೆ ನೋಡಿಕೊಳ್ಳುವಲ್ಲಿ ಈ ಅನುಮಾನವಿಲ್ಲ. ಅಲ್ಲಿ ಉತ್ಕರ್ಷಣ ನಡೆಯುವುದು ಆಹಾರದಲ್ಲೇ, ತಡೆಯಬೇಕಾದದ್ದೂ ಅಲ್ಲೇ. ಬಿಎಚ್‌ಟಿಯಂಥ ಕೃತಕ ವಸ್ತುಗಳು ಮಾಡುವ ಕೆಲಸ ಅದು. ನೀರು ಬೆರೆಸಿದ ಎಥನಾಲ್‌ನಲ್ಲಿ ಹಿಪ್ಪೆಯನ್ನು ನೆನೆಸಿ, ಸೋಸಿ, ಎಥನಾಲನ್ನು ಆವಿಯಾಗಿಸಿ ಮರಳಿ ಹಿಡಿದುಕೊಂಡರೆ ಅದೇ ಕೆಲಸಕ್ಕೆ ಒದಗುವ ಸಾರ ಸಿಗುತ್ತದೆ. ವಿಧಾನ ಸರಳ, ಖರ್ಚು ಸರಳವಲ್ಲ: ಒದ್ದೆ ಹಿಪ್ಪೆ ಬೇಗ ಬೂಷ್ಟು ಹಿಡಿಯುತ್ತದೆ, ಒಣಗಿಸಲು ಇಂಧನ ಬೇಕು, ತೋಟದಲ್ಲಿ ಸಿಂಪಡಿಸಿದ ಔಷಧಿಯ ಉಳಿಕೆಯನ್ನೂ ಪರೀಕ್ಷಿಸಬೇಕು. ಒಂದೇ ವೈನರಿಗೆ ಇದು ಗಿಟ್ಟದಿರಬಹುದು. ಫ್ರಾನ್ಸ್‌ನಲ್ಲಿ ಭಟ್ಟಿ ಕಾರ್ಖಾನೆಗಳು ಹಲವು ವೈನರಿಗಳ ಹಿಪ್ಪೆಯನ್ನು ಒಟ್ಟಿಗೆ ತಂದು ಆಲ್ಕೋಹಾಲ್, ಟಾರ್ಟಾರಿಕ್ ಆಮ್ಲ, ಬೀಜದೆಣ್ಣೆಗಳನ್ನೂ ತೆಗೆಯುವುದರಿಂದ ಲೆಕ್ಕ ಹೊಂದುತ್ತದೆ. ನಂದಿ ಕಣಿವೆಯಲ್ಲೂ ವಿಜಯಪುರದಲ್ಲೂ ವೈನ್ ದ್ರಾಕ್ಷಿ ಬೆಳೆಯುವ ನಮ್ಮವರು ಸಾರ ತೆಗೆಯುವ ಯಂತ್ರಕ್ಕಿಂತ ಮೊದಲು ಹಿಪ್ಪೆಯನ್ನು ಒಟ್ಟಿಗೆ ಒಣಗಿಸುವ ಏರ್ಪಾಡಿಗೆ ಹಣ ಹಾಕುವುದು ಒಳ್ಳೆಯದು.