‘ತಾತ್ಕಾಲಿಕ’ಕ್ಕೆ ಅಳತೆ ಎಲ್ಲಿ?

ತಿರುಮಕೂಡಲು ನರಸೀಪುರ ತಾಲ್ಲೂಕಿನ ಮುಡುಕುತೊರೆಯಲ್ಲಿ ಮಾಘಮಾಸ ಬಂತೆಂದರೆ ಮಲ್ಲಿಕಾರ್ಜುನಸ್ವಾಮಿಯ ಜಾತ್ರೆ. ಕಾವೇರಿ ದಂಡೆಯ ಬೆಟ್ಟದ ಬುಡದಲ್ಲಿ ರಾಸುಗಳು ನೆರೆಯುತ್ತವೆ, ಅಂಗಡಿಗಳು ಏಳುತ್ತವೆ. ಜಾತ್ರೆ ಮುಗಿದ ಮೇಲೆ ಬಯಲು ಮತ್ತೆ ಬಯಲೇ.

ಇಂಥ ಕಡೆ ಆಡುವ ಮಾತುಗಳನ್ನೇ ಗಮನಿಸಬಹುದು. ‘ಮೂರು ದಿನ ಇದ್ದೆ’, ‘ಮೂರು ದಿನಕ್ಕೆ ಬಂದಿದ್ದೇನೆ’, ‘ಮೂರು ದಿನದಿಂದ ಇಲ್ಲೇ ಇದ್ದೇನೆ’, ‘ಮೂರು ದಿನದಲ್ಲಿ ಎತ್ತು ಮಾರಿದೆ’. ದಿನ ಮೂರೇ. ಆದರೆ ಮೊದಲನೆಯದು ಕಳೆದ ಕಾಲ, ಎರಡನೆಯದು ಬರುವಾಗಲೇ ಹಾಕಿಕೊಂಡ ಗಡುವು, ಮೂರನೆಯದು ಇನ್ನೂ ಮುಗಿಯದ ವಾಸ, ನಾಲ್ಕನೆಯದು ಕೆಲಸ ಮುಗಿಯಲು ಹಿಡಿದ ಅವಧಿ. ಇಂಗ್ಲಿಷಿನಲ್ಲಿ ಮೊದಲ ಮೂರಕ್ಕೂ ‘ಫಾರ್’ ಎಂಬ ಒಂದೇ ಪದ ಸಾಕು. ವ್ಯತ್ಯಾಸವನ್ನು ಕ್ರಿಯಾಪದ ನೋಡಿಕೊಳ್ಳುತ್ತದೆ. ಕನ್ನಡದಲ್ಲಿ ಆ ಭಾರದ ಬಹುಪಾಲು ವಿಭಕ್ತಿಯ ಹೆಗಲ ಮೇಲಿದೆ. ಗಡುವನ್ನು ಸೂಚಿಸುವ ಚತುರ್ಥಿಯ ‘ಕ್ಕೆ’, ‘ಗೆ’ಗಳೇ ‘ಸದ್ಯಕ್ಕೆ’, ‘ಈಗಿನ ಮಟ್ಟಿಗೆ’ ಎಂಬ ಮಾತುಗಳಲ್ಲೂ ಇವೆ.

ಇವುಗಳ ಜೊತೆ ಬೇರೆ ಕ್ರಿಯಾವಿಶೇಷಣಗಳು ಸೇರುವಾಗ ಒಂದು ನಿಯಮ ಕಾಣುತ್ತದೆ. ‘ಬಹಳ ಹೊತ್ತು’, ‘ಸುಮಾರು ಮೂರು ದಿನ’ ಎನ್ನುತ್ತೇವೆ. ‘ಸುಮಾರು ಸದ್ಯಕ್ಕೆ’, ‘ಬಹಳ ತಾತ್ಕಾಲಿಕವಾಗಿ ಅಂಗಡಿ ಹಾಕಿದ’ ಎಂದರೆ ಕಿವಿಗೆ ಒಗ್ಗದು. ಆದರೆ ‘ಸದ್ಯಕ್ಕೆ ಮಾತ್ರ’, ‘ಕೇವಲ ತಾತ್ಕಾಲಿಕವಾಗಿ’ ಎನ್ನಲು ಅಡ್ಡಿಯಿಲ್ಲ. ಇಂಗ್ಲಿಷಿನಲ್ಲೂ ಹೀಗೆಯೇ: ‘ಬ್ರೀಫ್ಲಿ’ಯ ಹಿಂದೆ ‘ವೆರಿ’ ಸಲೀಸಾಗಿ ಬರುತ್ತದೆ, ‘ಟೆಂಪೊರರಿಲಿ’ಯ ಹಿಂದೆ ಅಪರೂಪ, ಅಲ್ಲಿ ‘ಓನ್ಲಿ’ ಸಲ್ಲುತ್ತದೆ.

ಕಾರಣ ಸರಳ. ‘ಹೊತ್ತು’, ‘ದಿನ’ಗಳಿಗೆ ಉದ್ದವಿದೆ, ಆದ್ದರಿಂದ ಹೆಚ್ಚು, ಕಡಿಮೆ, ಸುಮಾರು ಎನ್ನಬಹುದು. ‘ತತ್ಕಾಲ’ದಿಂದ ಬಂದ ‘ತಾತ್ಕಾಲಿಕ’ಕ್ಕೆ ಉದ್ದವಿಲ್ಲ. ‘ಇದು ಶಾಶ್ವತವಲ್ಲ’ ಎಂಬ ಭರವಸೆಯಷ್ಟೇ ಅದರಲ್ಲಿದೆ. ಹಾಗಾಗಿ ‘ರಸ್ತೆಯನ್ನು ಮೂರು ದಿನ ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಎಂಬ ಫಲಕದಲ್ಲಿ ಪುನರುಕ್ತಿಯಿಲ್ಲ: ಒಂದು ಪದ ಅಳತೆ ಕೊಡುತ್ತದೆ, ಇನ್ನೊಂದು ಭರವಸೆ. ಅಳತೆಯನ್ನು ತೆಗೆದರೆ ಉಳಿಯುವುದು ಬರೀ ಭರವಸೆ.

‘ಹತ್ತು ವರ್ಷದಿಂದ ತಾತ್ಕಾಲಿಕವಾಗಿ ದುಡಿಯುತ್ತಿದ್ದಾನೆ’ ಎಂಬ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲದಿರುವುದೂ ಇದರಿಂದಲೇ. ಆದರೆ ದುಡಿಯುವವನ ಬದುಕಿಗೆ ಅಳತೆ ಬೇಕು. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ತೀರ್ಪು ನೀಡಿತು. ತಾತ್ಕಾಲಿಕ ನೌಕರರಿಗೆ ಕಾಯಂ ಆಗುವ ಹಕ್ಕು ತಾನಾಗಿ ಬರುವುದಿಲ್ಲ ಎಂದ ಪೀಠ, ಒಂದು ವಿನಾಯಿತಿ ಇಟ್ಟಿತು: ಮಂಜೂರಾದ ಹುದ್ದೆಯಲ್ಲಿ, ಅರ್ಹತೆಯಿದ್ದು, ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ 10 ವರ್ಷ ಅಥವಾ ಹೆಚ್ಚು ದುಡಿದವರನ್ನು ಒಂದು ಬಾರಿಗೆ ಪರಿಗಣಿಸಬಹುದು ಎಂದಿತು. ಪದದೊಳಗೆ ಇಲ್ಲದ ಅಳತೆಯನ್ನು ಹೊರಗಿನಿಂದ ತಂದು ಇಡಬೇಕಾಯಿತು.

ಜಾತ್ರೆಯ ಅಂಗಡಿಗೆ ಆ ತೊಡಕಿಲ್ಲ. ಅದರ ಗಡುವನ್ನು ಪಂಚಾಂಗವೇ ಗೊತ್ತುಮಾಡಿದೆ. ಉಳಿದೆಡೆ ‘ತಾತ್ಕಾಲಿಕವಾಗಿ’ ಎಂಬ ಮಾತು ಕಂಡಾಗ, ‘ಎಷ್ಟು ದಿನಕ್ಕೆ?’ ಎಂದು ಕೇಳುವುದು ಕುಹಕವಲ್ಲ. ವಾಕ್ಯದಲ್ಲಿ ಖಾಲಿ ಬಿಟ್ಟ ಜಾಗವನ್ನು ತುಂಬಿಸಿಕೊಳ್ಳುವ ಪ್ರಶ್ನೆ ಅದು.